ರಾಯಚೂರಿನ ಬಿಸಿಲಿಗೊಂದು ತರಕಾರಿ ಪೆಟ್ಟಿಗೆ: ಇಟ್ಟಿಗೆ ಮತ್ತು ಮರಳಿನಿಂದ ಕಟ್ಟಿದ್ದು, ಎರಡನೆಯ ವರ್ಷ ದುರಸ್ತಿ ಮಾಡಿದ್ದು

ತರಕಾರಿಯ ಖರ್ಚು ಇಳಿಯಬೇಕಾದರೆ ಅಗ್ಗದ ದರಕ್ಕೆ ಕೊಂಡರಷ್ಟೇ ಸಾಲದು, ಕೊಂಡದ್ದನ್ನು ಕೆಡದಂತೆ ಇಟ್ಟುಕೊಳ್ಳುವ ಅನುಕೂಲವೂ ಮನೆಯಲ್ಲಿರಬೇಕು. ರಾಯಚೂರಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ ಸಂಗತಿ. ಆ ದಿನಗಳಲ್ಲಿ ಬೆಳಿಗ್ಗೆ ತಂದ ಕೊತ್ತಂಬರಿ ಮಧ್ಯಾಹ್ನದ ಊಟದ ಹೊತ್ತಿಗೆ ಬಾಡಿರುತ್ತದೆ, ಬೆಂಡೆಕಾಯಿ ಮರುದಿನಕ್ಕೆ ನಾರಾಗುತ್ತದೆ. ಅಗ್ಗ ಸಿಕ್ಕಿತೆಂದು ಹೆಚ್ಚು ತಂದ ಸೊಪ್ಪಿನಲ್ಲಿ ಅರ್ಧದಷ್ಟು ತಿಪ್ಪೆಗೆ ಹೋದರೆ ಉಳಿದರ್ಧದ ನಿಜವಾದ ದರ ಎರಡು ಪಟ್ಟಾಗಿ, ಓಣಿಯ ಅಂಗಡಿಯ ದರಕ್ಕೇ ಬಂದು ನಿಲ್ಲುತ್ತದೆ. ನಮ್ಮದು ಒಂಬತ್ತು ಜನರ ಮನೆ. ಇರುವ ಒಂದು ಚಿಕ್ಕ ಫ್ರಿಜ್ ಹಾಲು, ಮೊಸರು, ಹಿಟ್ಟು ಮತ್ತು ಅವ್ವನ ಇನ್ಸುಲಿನ್‌ಗೇ ತುಂಬಿಹೋಗುತ್ತದೆ. ಹೀಗಾಗಿ ವಿದ್ಯುತ್ತಿನ ಹಂಗಿಲ್ಲದೆ ತರಕಾರಿಯನ್ನು ತಂಪಾಗಿಡುವ ಪೆಟ್ಟಿಗೆಯೊಂದನ್ನು ಹಿತ್ತಲಿನಲ್ಲಿ ಕಟ್ಟಲು ನಿರ್ಧರಿಸಿದೆವು. ಅದನ್ನು ಹೇಗೆ ಕಟ್ಟಿದೆವು, ಎಷ್ಟು ನೀರು ಕುಡಿಯಿತು, ಎರಡನೆಯ ವರ್ಷ ಏನೇನು ಕೆಟ್ಟಿತು ಎಂಬುದೆಲ್ಲವನ್ನೂ ಇನ್ನೊಬ್ಬರು ಕಟ್ಟಲು ಸಾಕಾಗುವಷ್ಟು ವಿವರವಾಗಿ ಇಲ್ಲಿ ಬರೆದಿದ್ದೇನೆ.

ಇದರ ಮೂಲ ವಿನ್ಯಾಸ ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು. 1980ರ ದಶಕದಲ್ಲಿ ಅಲ್ಲಿ ರೂಪುಗೊಂಡ ಈ ಪೆಟ್ಟಿಗೆಯಲ್ಲಿ ಇಟ್ಟಿಗೆಯ ಎರಡು ಗೋಡೆಗಳಿದ್ದು, ನಡುವಿನ 7.5 ಸೆಂಟಿಮೀಟರ್ ಸಂದಿಯಲ್ಲಿ ಮರಳು ತುಂಬಿ ನೀರು ಹನಿಸಲಾಗುತ್ತದೆ. ಮೂಲ ಅಳತೆ 165 ಸೆಂಟಿಮೀಟರ್ ಉದ್ದ, 115 ಸೆಂಟಿಮೀಟರ್ ಅಗಲ, 67.5 ಸೆಂಟಿಮೀಟರ್ ಎತ್ತರ. ಅದರಲ್ಲಿ ಸುಮಾರು 100 ಕಿಲೋ ತರಕಾರಿ ಹಿಡಿಯುತ್ತದೆ. ಹೊರಗೋಡೆಯ ಮೈಯಿಂದ ನೀರು ಆವಿಯಾಗುವಾಗ ಗೋಡೆಯ ಶಾಖವನ್ನೇ ಹೀರಿಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ನಮ್ಮ ಅವ್ವ ಹಿಂದೆಲ್ಲ ನೀರಿನ ಹರವಿಯ ಬುಡದ ಒದ್ದೆ ಮರಳಿನ ಮೇಲೆ ಸೊಪ್ಪನ್ನು ಹಸಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದುದೂ ಇದೇ ತತ್ತ್ವದ ಮೇಲೆ.

ಗಾಳಿ ಒಣಗಿದ್ದಷ್ಟೂ ಈ ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಷ್ಟು ತಂಪಾಗಬಹುದೆಂಬುದನ್ನು ಕಟ್ಟುವುದಕ್ಕೆ ಮೊದಲೇ ತಿಳಿಯುವ ದಾರಿಯೂ ಇದೆ. ಎರಡು ಸಾಧಾರಣ ಥರ್ಮಾಮೀಟರ್‌ಗಳನ್ನು ನೆರಳಿನಲ್ಲಿ ತೂಗುಹಾಕಿ, ಒಂದರ ಗುಂಡಿಗೆ ಹತ್ತಿಯ ಹಸಿ ಬಟ್ಟೆ ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿದರೆ, ಹಸಿ ಬಟ್ಟೆಯ ಥರ್ಮಾಮೀಟರ್ ಎಲ್ಲಿಗೆ ಇಳಿದು ನಿಲ್ಲುತ್ತದೆಯೋ ಅದೇ ಪೆಟ್ಟಿಗೆ ತಲುಪಬಹುದಾದ ಕಟ್ಟಕಡೆಯ ಮಿತಿ. ಹೊರಗೆ 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡಾ 20ರಷ್ಟು ತೇವ ಇದ್ದಾಗ ಈ ಮಿತಿ ಸುಮಾರು 24 ಡಿಗ್ರಿ. ಆಗಸ್ಟಿನಲ್ಲಿ ಹೊರಗೆ 32 ಡಿಗ್ರಿ, ತೇವ ಶೇಕಡಾ 70 ಇದ್ದರೆ ಮಿತಿ 27 ಡಿಗ್ರಿಯಲ್ಲೇ ನಿಂತುಬಿಡುತ್ತದೆ. ಕಡಲ ತೀರದವರಿಗೆ ಈ ಪೆಟ್ಟಿಗೆಯಿಂದ ಅಂಥ ಪ್ರಯೋಜನವಿಲ್ಲ. ನಮ್ಮನ್ನು ಹಗಲೆಲ್ಲ ಹಿಂಡುವ ಬೇಸಿಗೆಯ ಬಿಸಿಗಾಳಿ ಇಲ್ಲಿ ನಮ್ಮ ಪರವಾಗಿ ದುಡಿಯುತ್ತದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ವಿಷಯ.

ಜಾಗ ಮತ್ತು ಇಟ್ಟಿಗೆಯ ಆಯ್ಕೆ

ಮನೆಯ ಉತ್ತರಕ್ಕೆ ಬೇವಿನ ಮರದ ನೆರಳಿದೆ. ಗಾಳಿ ಆಡುವ, ಆದರೆ ನೇರ ಬಿಸಿಲು ಬೀಳದ ಜಾಗ ಅದೇ ಆದ್ದರಿಂದ ಅಲ್ಲಿಯೇ ಗುರುತು ಹಾಕಿದೆವು. ನಮ್ಮದು ಎರೆ ಭೂಮಿ. ನೀರು ತಾಗಿದರೆ ಉಬ್ಬಿ, ಒಣಗಿದರೆ ಬಿರಿಯುವ ಈ ಮಣ್ಣಿನ ಮೇಲೆ ದಿನವೂ ನೀರು ಜಿನುಗುವ ಗೋಡೆಯನ್ನು ನೇರವಾಗಿ ಕೂರಿಸಿದರೆ ಒಂದೇ ವರ್ಷದಲ್ಲಿ ಅದು ವಾಲುತ್ತದೆ. ಅದಕ್ಕಾಗಿ ಒಂದು ಅಡಿ ಆಳ ಅಗೆದು ಎರೆ ಮಣ್ಣು ತೆಗೆದು, ಗರಸು ತುಂಬಿ, ನೀರು ಹಾಕಿ ದಿಮ್ಮಸು ಹೊಡೆದೆವು. ಮೇಲ್ಮೈಯನ್ನು ಒಂದು ಬದಿಗೆ ತುಸು ಇಳಿಜಾರಾಗಿಸಿ, ಬಸಿದ ನೀರು ಕರಿಬೇವಿನ ಗಿಡದ ಬುಡಕ್ಕೆ ಹೋಗುವಂತೆ ಕಾಲುವೆ ಬಿಟ್ಟೆವು.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯಿಂದಾಗಿ ನಮ್ಮ ಭಾಗದಲ್ಲಿ ಬೂದಿ ಇಟ್ಟಿಗೆ ಸುಲಭವಾಗಿ ಸಿಗುತ್ತದೆ, ಮನೆ ಕಟ್ಟುವುದಕ್ಕೆ ಅದು ಒಳ್ಳೆಯದೇ. ಆದರೆ ಈ ಕೆಲಸಕ್ಕೆ ನೀರು ಕುಡಿಯುವ ಇಟ್ಟಿಗೆ ಬೇಕು. ಎರಡೂ ಬಗೆಯ ಒಂದೊಂದು ಇಟ್ಟಿಗೆಯನ್ನು ತೂಗಿ, ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಒರೆಸಿ ಮತ್ತೆ ತೂಗಿದೆ. ಸುಟ್ಟ ಮಣ್ಣಿನ ಹಳೆಯ ಇಟ್ಟಿಗೆ 2.8 ಕಿಲೋ ಇದ್ದದ್ದು 3.3 ಕಿಲೋಗೆ ಏರಿತ್ತು, ಬೂದಿ ಇಟ್ಟಿಗೆ ಅದರ ಅರ್ಧದಷ್ಟು ನೀರನ್ನಷ್ಟೇ ಹೀರಿತ್ತು. ಗೋಡೆ ಕಟ್ಟುವವರು ಬೇಡವೆಂದು ಬದಿಗಿಡುವ ಅರೆಬೆಂದ, ಹಳದಿ ಬಣ್ಣದ ಇಟ್ಟಿಗೆ ಇಲ್ಲಿ ಹೆಚ್ಚು ಪ್ರಯೋಜನಕಾರಿ, ಬೆಲೆಯೂ ಕಡಿಮೆ. ಕೆಡವಿದ ದನದ ಕೊಟ್ಟಿಗೆಯಿಂದ ಸುಮಾರು 200 ಇಟ್ಟಿಗೆ ಸಿಕ್ಕವು, ಉಳಿದ 120ನ್ನು ಕೊಂಡೆವು.

ಗೋಡೆ ಕಟ್ಟಿದ ಬಗೆ

ಮೂಲ ಅಳತೆ ನಮ್ಮ ಮನೆಗೆ ದೊಡ್ಡದಾಯಿತು. ಒಳಗೆ 30 ಇಂಚು ಉದ್ದ, 18 ಇಂಚು ಅಗಲ, 24 ಇಂಚು ಎತ್ತರದ ಜಾಗ ಸಾಕೆಂದು ಲೆಕ್ಕ ಹಾಕಿದೆವು. ಅದರ ಸುತ್ತ 4 ಇಂಚಿನ ಒಳಗೋಡೆ, 3 ಇಂಚಿನ ಸಂದಿ, ಮತ್ತೆ 4 ಇಂಚಿನ ಹೊರಗೋಡೆ. ಹೀಗೆ ತಳದ ಒಟ್ಟು ಅಳತೆ 52 ಇಂಚು ಉದ್ದ, 40 ಇಂಚು ಅಗಲ ಆಗುತ್ತದೆ. 9 ಇಂಚಿನ ಇಟ್ಟಿಗೆಯಾದರೆ ತಳಕ್ಕೆ 58, ಒಂದೊಂದು ವರಸೆಗೆ, ಅಂದರೆ ಇಟ್ಟಿಗೆಯ ಸಾಲಿಗೆ, ಎರಡೂ ಗೋಡೆ ಸೇರಿ 31ರಂತೆ ಎಂಟು ವರಸೆಗೆ ಸುಮಾರು 250 ಬೇಕು. ಒಡೆಯುವುದನ್ನೂ ಸೇರಿಸಿ 320 ಇಟ್ಟುಕೊಂಡರೆ ನಡುವೆ ಅಂಗಡಿಗೆ ಓಡುವ ಪ್ರಸಂಗ ಬರುವುದಿಲ್ಲ.

ಮೊದಲ ವರಸೆಯನ್ನು ಮಟ್ಟಸ ಮಾಡಿಕೊಡಲು ಓಣಿಯ ಗೌಂಡಿಯೊಬ್ಬರನ್ನು ಕರೆದಿದ್ದೆವು. ನಾವು ಸಿಮೆಂಟ್ ಚೀಲ ತರಿಸಿಟ್ಟಿದ್ದನ್ನು ನೋಡಿ ಅವರು, "ಸಿಮೆಂಟ್ ಬ್ಯಾಡ್ರಿ ಅಣ್ಣಾರ, ಕೆಮ್ಮಣ್ಣು ಕಲಸಿ ತೆಳ್ಳಗ ಹಚ್ರಿ. ಸಿಮೆಂಟ್ ಹಾಕಿದ್ರ ಮುಂದ ಬಿಚ್ಚಾಕ ಬರಂಗಿಲ್ಲ" ಎಂದರು. ಆ ಮಾತಿನ ಬೆಲೆ ಎರಡನೆಯ ವರ್ಷದ ದುರಸ್ತಿಯಲ್ಲಿ ಚೆನ್ನಾಗಿ ತಿಳಿಯಿತು. ಮಣ್ಣಿನ ಕೆಸರು ಕಾಲು ಇಂಚಿಗಿಂತ ದಪ್ಪ ಇರಬಾರದು, ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿಯೇ ಕೂರಿಸಬೇಕು, ಮತ್ತು ಮೇಲಿನ ವರಸೆಯ ಸಂದು ಕೆಳಗಿನ ಇಟ್ಟಿಗೆಯ ನಡುಭಾಗದ ಮೇಲೆ ಬರಬೇಕು. ಗೋಡೆಗೆ ಗಿಲಾವು ಮಾಡುವುದು, ಸುಣ್ಣ ಬಣ್ಣ ಬಳಿಯುವುದು ಎರಡೂ ಕೂಡದು. ಹೊರಮೈಯ ರಂಧ್ರಗಳು ಮುಚ್ಚಿದರೆ ಆವಿಯಾಗುವುದೇ ನಿಂತುಹೋಗುತ್ತದೆ.

ಒಳಗೋಡೆಯನ್ನು ನಾಲ್ಕು ವರಸೆ ಏರಿಸಿ, ಹೊರಗೋಡೆಯನ್ನೂ ಅಷ್ಟೇ ಏರಿಸಿ, ಸಂದಿಗೆ ಮರಳು ತುಂಬಿ ನೀರುಣಿಸಿದ ಮೇಲೆ ಉಳಿದ ನಾಲ್ಕು ವರಸೆ ಕಟ್ಟಿದೆವು. ಪೂರ್ತಿ ಕಟ್ಟಿದ ಮೇಲೆ ಮರಳು ಸುರಿದರೆ ತಳದಲ್ಲಿ ಪೊಳ್ಳು ಉಳಿಯುತ್ತದೆ. ಮರಳು ನದಿಯದ್ದಾಗಿರಬೇಕು, ಜರಡಿ ಹಿಡಿದು, ತೊಳೆದ ನೀರು ತಿಳಿಯಾಗುವ ತನಕ ತೊಳೆಯಬೇಕು. ಎರೆ ಮಣ್ಣಿನ ಅಂಶ ಉಳಿದರೆ ಅದು ಅಂಟಾಗಿ ಕಟ್ಟಿಕೊಂಡು ನೀರು ಕೆಳಗಿಳಿಯಲು ಬಿಡುವುದಿಲ್ಲ. ಸಂದಿಗೆ ಸುಮಾರು 6 ಘನ ಅಡಿ, ಅಂದರೆ ಸಿಮೆಂಟ್ ಚೀಲದಲ್ಲಿ ಐದಾರು ಚೀಲ ಮರಳು ಹಿಡಿಯಿತು. ಎಲ್ಲ ಮುಗಿದ ಮೇಲೆ ಗೋಡೆ ಮತ್ತು ಮರಳು ಪೂರ್ತಿ ನೆನೆಯಲು ಹೆಚ್ಚುಕಡಿಮೆ ಒಂದು ಡ್ರಮ್ಮು, ಅಂದರೆ 200 ಲೀಟರ್ ಹತ್ತಿರ ನೀರು ಬೇಕಾಯಿತು.

ಮುಚ್ಚಳಕ್ಕೆ ಬಿದಿರಿನ ಚೌಕಟ್ಟು ಕಟ್ಟಿ, ಎರಡು ಗೋಣಿಚೀಲದ ನಡುವೆ ಜೋಳದ ಕಣಿಕೆ ಹರವಿ ದಬ್ಬಣದಿಂದ ಹೊಲಿದೆವು. ಅದರ ಕೆಳಗೆ ತಂತಿ ಜಾಲರಿಯ ಇನ್ನೊಂದು ಚೌಕಟ್ಟಿದೆ. ಇಲಿ, ಹೆಗ್ಗಣ ತಡೆಯಲು ಅದು ಬೇಕೇ ಬೇಕು. ತಂಪು ಹುಡುಕಿಕೊಂಡು ಚೇಳು ಬರುವುದೂ ನಮ್ಮ ಕಡೆ ಹೊಸದಲ್ಲವಾದ್ದರಿಂದ, ಮುಚ್ಚಳ ಎತ್ತುವವರು ಅಂಚಿನ ಕೆಳಗೆ ಬೆರಳು ತೂರಿಸದಂತೆ ಎರಡೂ ಬದಿಗೆ ಹಗ್ಗದ ಹಿಡಿಕೆ ಕಟ್ಟಿದ್ದೇವೆ. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ನೀರು

ಮೂಲ ವಿನ್ಯಾಸದಲ್ಲಿ ದಿನಕ್ಕೆರಡು ಬಾರಿ ನೀರು ಹಾಕಬೇಕು. ಬೇಸಿಗೆಯ ಕೆಲಸದ ನಡುವೆ ಒಂದು ಹೊತ್ತು ತಪ್ಪಿದರೂ ಮರಳು ಒಣಗಿ, ಒಳಗಿನ ಉಷ್ಣಾಂಶ ಕೂಡಲೇ ಏರುತ್ತದೆ. ಹೊಲದಲ್ಲಿ ಉಳಿದಿದ್ದ 16 ಮಿಲಿಮೀಟರ್ ಡ್ರಿಪ್ ಪೈಪನ್ನು 12 ಅಡಿ ಕತ್ತರಿಸಿ, ಮರಳಿನ ಮೇಲೆ ಸುತ್ತ ಹಾಸಿ, ಒಂದೂವರೆ ಅಡಿಗೆ ಒಂದರಂತೆ ಎಂಟು ಡ್ರಿಪ್ಪರ್ ಕೂರಿಸಿದೆವು. ಪೈಪಿಗಿಂತ ಒಂದು ಮೀಟರ್ ಎತ್ತರದ ಕಟ್ಟೆಯ ಮೇಲೆ 20 ಲೀಟರಿನ ಹಳೆಯ ಬಣ್ಣದ ಬಕೆಟ್ ಇಟ್ಟು ಅದಕ್ಕೆ ಜೋಡಿಸಿದೆವು. ಡ್ರಿಪ್ಪರ್‌ನ ಮೇಲೆ ಗಂಟೆಗೆ 4 ಲೀಟರ್ ಎಂದು ಬರೆದಿರುತ್ತದೆ, ಆದರೆ ಅದು ಒಂದು ಬಾರ್ ಒತ್ತಡದ ಲೆಕ್ಕ, ಅಂದರೆ 10 ಮೀಟರ್ ಎತ್ತರದ ತೊಟ್ಟಿಯಿಂದ ನೀರು ಬಂದಾಗಿನ ಮಾತು. ಸಾಧಾರಣ ಡ್ರಿಪ್ಪರ್‌ನಲ್ಲಿ ಒತ್ತಡ ಹತ್ತನೇ ಒಂದಕ್ಕೆ ಇಳಿದರೆ ಹರಿವು ಮೂರನೇ ಒಂದು ಭಾಗದಷ್ಟಾಗುತ್ತದೆ. ಹೀಗಾಗಿ ಎಂಟೂ ಸೇರಿ ಗಂಟೆಗೆ ಸುಮಾರು 10 ಲೀಟರ್ ಹನಿಸಿ, ಬಕೆಟ್ ಖಾಲಿಯಾಗಲು ಎರಡು ಗಂಟೆಗೂ ಮೀರಿ ಹಿಡಿಯುತ್ತದೆ. ನಮಗೆ ಬೇಕಾದುದೂ ಈ ನಿಧಾನವೇ, ಏಕೆಂದರೆ ಒಮ್ಮೆಗೇ ಸುರಿದ ನೀರಿನಲ್ಲಿ ಬಹುಪಾಲು ತಳದಿಂದ ಬಸಿದುಹೋಗುತ್ತದೆ. ಒತ್ತಡ ಸರಿದೂಗಿಸುವ ಬಗೆಯ ಡ್ರಿಪ್ಪರ್ ಮಾತ್ರ ಇಷ್ಟು ಕಡಿಮೆ ಎತ್ತರಕ್ಕೆ ಸರಿಯಾಗಿ ಹನಿಸುವುದಿಲ್ಲ.

ಮೇ ತಿಂಗಳಲ್ಲಿ ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ನೀರು ಬೇಕು. ಮುಚ್ಚಳದ ಗೋಣಿಗೆ ಕೈಯಿಂದಲೇ ಚಿಮುಕಿಸುತ್ತೇವೆ. ಟ್ಯಾಂಕರ್ ನೀರು ಕೊಳ್ಳುವ ಮನೆಯವರು ಈ 40 ಲೀಟರನ್ನು ಖರ್ಚಿನ ಲೆಕ್ಕಕ್ಕೆ ಹಿಡಿಯಬೇಕು. ತರಕಾರಿ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಬಹುದು. ಅಕ್ಕಿ ತೊಳೆದ ನೀರಿನಲ್ಲಿರುವ ಗಂಜಿಯಿಂದ ಮರಳು ಹುಳಿವಾಸನೆ ಹಿಡಿಯುತ್ತದೆ, ಸಾಬೂನಿನ ನೀರಂತೂ ಬೇಡವೇ ಬೇಡ.

ಏನನ್ನು ಇಡಬೇಕು, ಏನನ್ನು ಇಡಬಾರದು

ಏಪ್ರಿಲ್ ನಡುವಿನ ಒಂದು ಮಧ್ಯಾಹ್ನ ಬೇವಿನ ನೆರಳಿನಲ್ಲಿ 41 ಡಿಗ್ರಿ ತೋರಿಸುತ್ತಿದ್ದಾಗ ಪೆಟ್ಟಿಗೆಯೊಳಗೆ 28 ಡಿಗ್ರಿ ಇತ್ತು. ಇದು ಫ್ರಿಜ್ಜಿನ ತಂಪಲ್ಲ. ಹಾಲು, ಮಾಂಸ, ಮಾಡಿದ ಅಡಿಗೆ ಈ ಉಷ್ಣಾಂಶದಲ್ಲೂ ಬೇಗ ಕೆಡುತ್ತವೆ, ಅವನ್ನು ಇದರಲ್ಲಿ ಇಡಲೇಬಾರದು. ತರಕಾರಿಗೆ ಮಾತ್ರ ಎರಡು ಬಗೆಯ ಲಾಭವಿದೆ: ಉಸಿರಾಟ ನಿಧಾನವಾಗಿ ಅದು ಬೇಗ ಹಣ್ಣಾಗುವುದಿಲ್ಲ, ಒಳಗಿನ ಗಾಳಿಯಲ್ಲಿ ತೇವ ತುಂಬಿರುವುದರಿಂದ ನೀರಿನಂಶ ಕಳೆದುಕೊಂಡು ಬಾಡುವುದೂ ಇಲ್ಲ. ಕೊತ್ತಂಬರಿ, ಮೆಂತ್ಯ, ರಾಜಗಿರಿ, ಪುಂಡಿಪಲ್ಯ ಮೂರು ದಿನ ಹಸಿರಾಗಿಯೇ ಉಳಿಯುತ್ತವೆ. ಬೆಂಡೆಕಾಯಿ, ಬದನೆಕಾಯಿ, ಹೀರೇಕಾಯಿ, ಚವಳಿಕಾಯಿ ಐದಾರು ದಿನ ಬರುತ್ತವೆ. ಬಣ್ಣ ತಿರುಗುತ್ತಿರುವ ದೋರೆ ಟೊಮೆಟೊ ಆರಿಸಿ ಇಟ್ಟರೆ ಹತ್ತು ಹನ್ನೆರಡು ದಿನಕ್ಕೆ ಮೋಸವಿಲ್ಲ.

ಉಳ್ಳಾಗಡ್ಡಿ, ಬೆಳ್ಳುಳ್ಳಿಗೆ ಒಣ ಗಾಳಿ ಬೇಕು, ಪೆಟ್ಟಿಗೆಯೊಳಗಿಟ್ಟರೆ ಬೇರು ಬಿಟ್ಟು ಕೊಳೆಯುತ್ತವೆ. ಹಣ್ಣಾಗುತ್ತಿರುವ ಬಾಳೆ ಮತ್ತು ಮಾವು ಕಾಯಿಗಳನ್ನು ಮಾಗಿಸುವ ಎಥಿಲೀನ್ ಅನಿಲ ಬಿಡುವುದರಿಂದ ಪಕ್ಕದ ಸೊಪ್ಪು ಹಳದಿಯಾಗುತ್ತದೆ. ತರಕಾರಿಯನ್ನು ತೊಳೆದು ಇಡಬಾರದು, ಮುಚ್ಚಳದಿಂದ ನೀರು ನೇರವಾಗಿ ಅದರ ಮೇಲೆ ತೊಟ್ಟಿಕ್ಕಲೂ ಬಾರದು. ಮಾರುಕಟ್ಟೆಯಿಂದ ಬಿಸಿಲಿನಲ್ಲಿ ತಂದದ್ದನ್ನು ಒಂದು ಗಂಟೆ ಪಡಸಾಲೆಯಲ್ಲಿ ಹರವಿ, ಕಾವು ಇಳಿದ ಮೇಲೆ ತೂತಿರುವ ಪ್ಲಾಸ್ಟಿಕ್ ಟ್ರೇಗಳಲ್ಲಿ ಜೋಡಿಸಬೇಕು. ದಿನಕ್ಕೊಮ್ಮೆ ಕೈಯಾಡಿಸಿ ಮೆತ್ತಗಾದದ್ದನ್ನು ತೆಗೆದು ಅಂದಿನ ಸಾರಿಗೆ ಹಾಕುವ ಕೆಲಸವನ್ನು ವೈನಿ (ಅತ್ತಿಗೆ) ತಪ್ಪದೆ ಮಾಡುತ್ತಾರೆ. ಪೆಟ್ಟಿಗೆ ಇಷ್ಟು ಚೆನ್ನಾಗಿ ನಡೆಯಲು ಅವರ ಕಣ್ಣೇ ಮುಖ್ಯ ಕಾರಣ.

ಕೊಳ್ಳುವ ರೀತಿಯೂ ಇದರಿಂದ ಬದಲಾಯಿತು. ಮೊದಲು ದಿನವೂ ಓಣಿಯ ತಳ್ಳುಗಾಡಿಯಲ್ಲಿ ಅರ್ಧ ಕಿಲೋ, ಕಾಲು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದ್ದೆವು. ಈಗ ಬೆಳಗಿನ ಜಾವ ಉಸ್ಮಾನಿಯಾ ಮಾರುಕಟ್ಟೆಗೆ ಹೋಗಿ ಟೊಮೆಟೊವನ್ನು ಟ್ರೇ ಲೆಕ್ಕದಲ್ಲಿ ತಂದು ಎದುರು ಮನೆಯವರೊಂದಿಗೆ ಅರ್ಧರ್ಧ ಹಂಚಿಕೊಳ್ಳುತ್ತೇವೆ. ತಳ್ಳುಗಾಡಿಯಲ್ಲಿ ಕಿಲೋಗೆ 30 ರೂಪಾಯಿ ಇದ್ದ ವಾರ ಟ್ರೇ ಲೆಕ್ಕದಲ್ಲಿ 16 ರೂಪಾಯಿಗೆ ಬಿದ್ದದ್ದಿದೆ. ಸೊಪ್ಪನ್ನು ಸಂಜೆ ಸಂತೆ ಮುಗಿಯುವ ಹೊತ್ತಿಗೆ ಕೊಳ್ಳುತ್ತೇವೆ. ಮರುದಿನಕ್ಕೆ ಉಳಿಯದ ಮಾಲನ್ನು ಮಾರುವವರೂ ಆಗ ಮನೆಗೆ ಹೊತ್ತೊಯ್ಯಲು ಬಯಸುವುದಿಲ್ಲ. ವೈನಿಯ ಖರ್ಚಿನ ವಹಿಯ ಪ್ರಕಾರ ಬೇಸಿಗೆಯಲ್ಲಿ ತಿಂಗಳಿಗೆ 4,500 ರೂಪಾಯಿ ಆಸುಪಾಸಿನಲ್ಲಿದ್ದ ತರಕಾರಿಯ ವೆಚ್ಚ 3,300ಕ್ಕೆ ಇಳಿದಿದೆ. ಪೆಟ್ಟಿಗೆಗೆ ಆದ ಒಟ್ಟು ಖರ್ಚು, ಕೊಂಡ ಇಟ್ಟಿಗೆ, ಮರಳು, ಬಿದಿರು, ಜಾಲರಿ ಸೇರಿ, 1,800 ರೂಪಾಯಿ. ಎಲ್ಲ ಇಟ್ಟಿಗೆಯನ್ನೂ ಕೊಳ್ಳಬೇಕಾದವರಿಗೆ ಇದು ಇನ್ನೂ ಒಂದೂವರೆ ಸಾವಿರ ಹೆಚ್ಚಾದೀತು.

ಎರಡನೆಯ ವರ್ಷದ ದುರಸ್ತಿ

ಎರಡನೆಯ ಬೇಸಿಗೆಗೆ ಮುನ್ನ ನೋಡಿದಾಗ ಒಳಗೆ ಮೊದಲಿನಷ್ಟು ತಂಪು ಬರುತ್ತಿರಲಿಲ್ಲ. ಹೊರಗೋಡೆಯ ಮೇಲೆ ಬಿಳಿಯ ಉಪ್ಪು ಪದರುಗಟ್ಟಿತ್ತು. ನಲ್ಲಿಯಲ್ಲಿ ನೀರು ಬಾರದ ದಿನಗಳಲ್ಲಿ ಬೋರಿನ ಗಡಸು ನೀರು ಹಾಕಿದ್ದರ ಫಲ ಅದು. ನೀರು ಆವಿಯಾಗಿ ಹೋದರೂ ಅದರೊಳಗಿನ ಲವಣ ಇಟ್ಟಿಗೆಯ ರಂಧ್ರಗಳಲ್ಲೇ ಉಳಿಯುತ್ತದೆ. ಮನೆಯ ನೀರು ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಇನ್ನೂ ಹೆಚ್ಚಿರುವುದರಿಂದ, ಉಳಿತಾಯವೆಂದು ಅದನ್ನು ಇಲ್ಲಿಗೆ ಹರಿಸುವುದು ಬೇಡ. ಪದರನ್ನು ಮೊದಲು ಒಣಗಿದ್ದಾಗಲೇ ತೆಂಗಿನ ನಾರಿನಿಂದ ಉಜ್ಜಿ ಗುಡಿಸಿ ತೆಗೆಯಬೇಕು. ಒದ್ದೆ ಮಾಡಿ ಉಜ್ಜಿದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೇ ಇಳಿಯುತ್ತದೆ. ಅನಂತರ ಮರಳನ್ನೆಲ್ಲ ಹೊರತೆಗೆದು, ನಲ್ಲಿ ನೀರಿನಲ್ಲಿ ತೊಳೆದು, ಬಿಸಿಲಿಗೆ ಹರವಿ ಮತ್ತೆ ತುಂಬಿದೆವು.

ಉದ್ದದ ಬದಿಯ ಒಳಗೋಡೆ ನಡುವೆ ಒಂದು ಇಂಚಿನಷ್ಟು ಒಳಕ್ಕೆ ಉಬ್ಬಿತ್ತು. ಹಸಿ ಮರಳಿನ ಭಾರ ಎರಡೂ ಗೋಡೆಗಳನ್ನು ಸದಾ ತಳ್ಳುತ್ತಿರುತ್ತದೆ, ಉದ್ದ ಹೆಚ್ಚಿರುವ ಬದಿಯಲ್ಲಿ ಗೋಡೆ ಮೊದಲು ಸೋಲುತ್ತದೆ. ಮಣ್ಣಿನ ಕಟ್ಟಡವಾದ್ದರಿಂದ ಮೇಲಿನ ಐದು ವರಸೆಗಳನ್ನು ಕೈಯಿಂದಲೇ ಬಿಚ್ಚಿ, ಇಟ್ಟಿಗೆ ಒಡೆಯದಂತೆ ತೆಗೆದಿಟ್ಟು, ಅದೇ ಇಟ್ಟಿಗೆಗಳಿಂದ ಮತ್ತೆ ಕಟ್ಟಲು ಸಾಧ್ಯವಾಯಿತು. ಈ ಸಲ ನಾಲ್ಕನೆಯ ಮತ್ತು ಏಳನೆಯ ವರಸೆಗಳಲ್ಲಿ, ಉದ್ದದ ಎರಡೂ ಬದಿಗೆ ಒಂದೊಂದು ಇಟ್ಟಿಗೆಯನ್ನು ಸಂದಿಗೆ ಅಡ್ಡಲಾಗಿ ಕೂರಿಸಿ ಒಳಗೋಡೆಯನ್ನೂ ಹೊರಗೋಡೆಯನ್ನೂ ಬಿಗಿದಿದ್ದೇವೆ. ಆ ಇಟ್ಟಿಗೆಗಳ ಮೂಲಕ ಹೊರಗಿನ ಶಾಖ ಸ್ವಲ್ಪ ಒಳಗೆ ಬರಬಹುದೆಂಬ ಅಳುಕಿತ್ತು. ಆದರೆ ಅವೂ ಸದಾ ನೆನೆದಿರುವುದರಿಂದ ಥರ್ಮಾಮೀಟರಿನಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಈಗ ಹೊಸದಾಗಿ ಕಟ್ಟುವವರು ಮೊದಲೇ ಈ ಅಡ್ಡ ಇಟ್ಟಿಗೆಗಳನ್ನು ಸೇರಿಸಿಕೊಳ್ಳುವುದು ಒಳ್ಳೆಯದು.

ಸುಣ್ಣ ಕಟ್ಟಿ ನಿಂತಿದ್ದ ಡ್ರಿಪ್ಪರ್‌ಗಳನ್ನು ಬಿಚ್ಚಿ ರಾತ್ರಿಯಿಡೀ ನಿಂಬೆರಸದಲ್ಲಿ ನೆನೆಸಿದ ಮೇಲೆ ಎರಡನ್ನು ಬಿಟ್ಟು ಉಳಿದವು ಸರಿಹೋದವು. ಗೋಣಿ ಮಾತ್ರ ಪ್ರತಿ ವರ್ಷ ಹೊಸದು ಬೇಕು, ಸದಾ ಒದ್ದೆಯಿರುವ ಸೆಣಬು ಒಂದು ಬೇಸಿಗೆಗಿಂತ ಹೆಚ್ಚು ಬಾಳುವುದಿಲ್ಲ. ಒಳಗೋಡೆಗೆ ಬೂಸ್ಟು ಹಿಡಿಯದಂತೆ ಹಂಗಾಮಿನ ಆರಂಭದಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ತಿಳಿ ನೀರಿನಿಂದ ತೊಳೆದು, ವಾಸನೆ ಹೋಗುವ ತನಕ ತೆರೆದಿಡುತ್ತೇವೆ.

ಹಿತ್ತಲಿಲ್ಲದ, ಬಾಡಿಗೆ ಮನೆಯವರು ಇದನ್ನೇ ಎರಡು ಮಡಕೆಗಳಲ್ಲಿ ಮಾಡಿಕೊಳ್ಳಬಹುದು. ದೊಡ್ಡ ಹರವಿಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಎರಡು ಬೆರಳಿನಷ್ಟು ಮರಳು ತುಂಬಿ, ಮೇಲೆ ಹಸಿ ಬಟ್ಟೆ ಮುಚ್ಚಿದರೆ ಮೂರ್ನಾಲ್ಕು ಕಿಲೋ ತರಕಾರಿ ಹಿಡಿಯುತ್ತದೆ. ಹೊರಗಿನ ಹರವಿಗೆ ಬಣ್ಣ, ಮೆರುಗು ಇರಬಾರದು, ಮತ್ತು ಅದನ್ನು ನೆಲಕ್ಕೆ ತಾಗಿಸದೆ ಸಿಂಬಿಯ ಮೇಲೋ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಗಾಳಿ ಆಡುವಂತೆ ಇಡಬೇಕು.

ಜೂನ್ ಕೊನೆಯಲ್ಲಿ ಮಳೆಗಾಳಿ ತೇವವಾದ ಕೂಡಲೇ ನಾವು ನೀರು ನಿಲ್ಲಿಸಿ, ಟ್ರೇಗಳನ್ನು ತೆಗೆದು, ಪೆಟ್ಟಿಗೆಯನ್ನು ಒಣಗಲು ಬಿಡುತ್ತೇವೆ. ಆ ತಿಂಗಳುಗಳಲ್ಲಿ ಒಳಗೂ ಹೊರಗೂ ಎರಡು ಮೂರು ಡಿಗ್ರಿಯ ವ್ಯತ್ಯಾಸವಷ್ಟೇ ಇದ್ದು, ತರಕಾರಿಗೆ ಬೂಸ್ಟು ಹಿಡಿಯುವುದೇ ಹೆಚ್ಚು. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಮತ್ತೆ ನೀರು ಬಿಟ್ಟರೆ, ಚಳಿಗಾಲಕ್ಕೆ ದಿನಕ್ಕೊಂದು ಬಕೆಟ್ ಸಾಕು. ಎಲೆಕೋಸು, ಗಜ್ಜರಿ, ಹಸಿ ಬಟಾಣಿಗಳ ದರ ಇಳಿಯುವುದೂ ಆಗಲೇ ಆದ್ದರಿಂದ, ಆ ತಿಂಗಳುಗಳಲ್ಲಿ ಪೆಟ್ಟಿಗೆಯ ಮೂರೂ ಟ್ರೇಗಳು ತುಂಬಿರುತ್ತವೆ.